‘ಸ್ತ್ರೀ ಪಾತ್ರದಲ್ಲಿ ನುರಿತ ಕಲಾವಿದೆಯರು’: ಜಿಲ್ಲಾಡಳಿತಕ್ಕೂ ನಾಟಕ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಕಾರವಾರದಲ್ಲಿರುವ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಕಾಳಿ ನದಿಯಿಂದ ಭಟ್ಕಳದ ಗಡಿಯವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಜಾತ್ರೆಗೆ, ಹಬ್ಬಕ್ಕೆ ನಾಟಕ ಆಡಿಸುವ ಎಲ್ಲ ಸಂಘ ಮತ್ತು ಸಮಿತಿಗಳವರಿಗೆ,

ನಮಸ್ಕಾರ.

ನಾನು ಕುಮಟಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಆಯಿ, ಅಂದರೆ ಅಮ್ಮ, ನಾಟಕದವಳು. ಇಪ್ಪತ್ತೆರಡನೇ ವಯಸ್ಸಿಗೆ ಬಣ್ಣ ಹಚ್ಚಿದವಳು ಐವತ್ತೈದು ದಾಟುವವರೆಗೂ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಗದ್ದೆಬಯಲುಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ದೇವಸ್ಥಾನದ ಎದುರಿನ ಚಪ್ಪರಗಳಲ್ಲಿ ಪಾತ್ರ ಮಾಡಿದಳು. ಈಗ ಅವಳಿಗೆ ಎಪ್ಪತ್ತೊಂದು. ಮಂಡಿನೋವು ಬಿಟ್ಟರೆ ಗಟ್ಟಿಯಾಗಿಯೇ ಇದ್ದಾಳೆ.

ಹೋದ ಚಳಿಗಾಲದಲ್ಲಿ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕೋಣ ಅಂತ ನಾನೇ ಹಟ ಹಿಡಿದೆ. ಕಲಾವಿದೆ ಎನ್ನುವುದಕ್ಕೆ ದಾಖಲೆ ಬೇಕಲ್ಲ, ಹಾಗಾಗಿ ಅವಳ ತಗಡಿನ ಟ್ರಂಕು ತೆಗೆದೆವು. ಮೇಲೆ ಎರಡು ಜರಿ ಸೀರೆ, ಒಂದು ಬಿಳಿ ಸೀರೆ, ವಿಧವೆಯ ಪಾತ್ರಕ್ಕೆ. ಅದರ ಕೆಳಗೆ ಪಾರ್ಟು ಬರೆದುಕೊಂಡ ಹದಿನಾಲ್ಕು ನೋಟುಪುಸ್ತಕ. ತಳದಲ್ಲಿ ಹ್ಯಾಂಡ್‌ಬಿಲ್‌ಗಳು. ಗುಲಾಬಿ, ಹಳದಿ, ತಿಳಿಹಸಿರು ಬಣ್ಣದ ತೆಳು ಕಾಗದ, ಮಡಚಿದಲ್ಲೆಲ್ಲ ಹರಿದದ್ದು. ಎಣಿಸಿದೆ. ಅರವತ್ತಮೂರು ಇದ್ದವು. ಪ್ರತಿಯೊಂದರಲ್ಲೂ ನಾಯಕನ ಪಾತ್ರದವರ ಫೋಟೊ ಇದೆ, ಖಳನಾಯಕನ ಹೆಸರಿದೆ, ಹಾಸ್ಯದವನ ಅಡ್ಡಹೆಸರೂ ಇದೆ, ಧ್ವನಿವರ್ಧಕ ಕೊಟ್ಟ ಅಂಗಡಿಯ ಹೆಸರೂ ಇದೆ. ನಾಯಕಿಯ ಹೆಸರು ಕೆಲವದರಲ್ಲಿ ಇದೆ. ಆಮೇಲೆ ಒಂದು ಸಾಲು: ‘ಸ್ತ್ರೀ ಪಾತ್ರದಲ್ಲಿ ನುರಿತ ಕಲಾವಿದೆಯರು’. ಆ ‘ಯರು’ ಎಂಬ ಬಹುವಚನದೊಳಗೆ ನನ್ನ ಆಯಿ ಇದ್ದಾಳೆ. ಅವಳ ಸ್ವಂತ ಹೆಸರು ಅಚ್ಚಾಗಿದ್ದು ಅರವತ್ತಮೂರರಲ್ಲಿ ನಾಲ್ಕರಲ್ಲಿ. ಅದರಲ್ಲೂ ಒಂದರಲ್ಲಿ ಕಾಗುಣಿತ ತಪ್ಪಿದೆ.

ಆಯಿ ಆ ಕಾಗದಗಳನ್ನೆಲ್ಲ ಮತ್ತೆ ಮಡಚಿ ಒಳಗಿಟ್ಟಳು. “ಅರ್ಜಿ ಬ್ಯಾಡ, ಬಿಡು” ಅಂದಳು. ಅರ್ಜಿ ಹಾಕಲೇ ಇಲ್ಲ.

ಈ ಪತ್ರ ಆ ಮಾಸಾಶನ ಕೇಳುವುದಕ್ಕೆ ಬರೆದದ್ದಲ್ಲ. ಹೆಸರು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಆಯಿಯೊಬ್ಬಳ ಹೆಸರೂ ಅಲ್ಲ. ಮೊದಲು ನಿಮ್ಮ ಎದುರಿಗೆ ಇಡಬೇಕಾದದ್ದು ಭಟ್ಕಳದಲ್ಲಿ ಹುಟ್ಟಿದ ಪಂಢರಿಬಾಯಿಯವರ ಹೆಸರು.

ಪಂಢರಿಬಾಯಿ ಯಾರು ಎಂದು ನಲವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಹೆಸರು ನೆನಪಾಗದಿದ್ದರೂ ಮುಖ ನೆನಪಾಗುತ್ತದೆ. ಬೈತಲೆ ತೆಗೆದ ಕೂದಲು, ದೊಡ್ಡ ಕುಂಕುಮ, ಹೆಗಲು ತುಂಬ ಹೊದ್ದ ಸೆರಗು, ಮಗನ ದಾರಿ ಕಾಯುವ ಕಣ್ಣು. ದಕ್ಷಿಣದ ನಾಲ್ಕಾರು ದೊಡ್ಡ ನಾಯಕನಟರಿಗೆ ಅವರು ತೆರೆಯ ಮೇಲಿನ ಅಮ್ಮ. ಕನ್ನಡ, ತಮಿಳು, ತೆಲುಗು, ಹಿಂದಿ ಸೇರಿ ನೂರಾರು ಚಿತ್ರಗಳಲ್ಲಿ ಅಭಿನಯಿಸಿದವರು. ಅವರು ಹುಟ್ಟಿದ ಕಾಲಕ್ಕೆ ಭಟ್ಕಳ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಷ್ಟರೊಳಗೆ ಈ ಹೆಣ್ಣುಮಗಳು ಪೌರಾಣಿಕ ನಾಟಕಗಳ ರಂಗದಿಂದ ಹೊರಟು, ಕನ್ನಡದ ತೆರೆ ಹತ್ತಿ, ತಮಿಳಿನಲ್ಲಿ ಮನೆಮಾತಾಗಿ ಆಗಿತ್ತು.

ಮೊದಲ ಚಿತ್ರ 1943ರ ‘ವಾಣಿ’, ಪಿಟೀಲು ಚೌಡಯ್ಯನವರು ಅಭಿನಯಿಸಿದ್ದು. ಕನ್ನಡದ ಮೊದಲ ವಾಕ್ಚಿತ್ರ ಬಂದು ಆಗಿನ್ನೂ ಒಂಬತ್ತೇ ವರ್ಷ. ಹೆಣ್ಣುಮಕ್ಕಳು ನಾಟಕ, ಸಿನಿಮಾಕ್ಕೆ ಹೋಗುತ್ತಾರೆ ಅಂದರೆ ಊರು ಕೇರಿಯೆಲ್ಲ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ನನ್ನ ಆಯಿ ಬಣ್ಣ ಹಚ್ಚಿದ್ದು ಅದಾಗಿ ಮೂವತ್ತು ವರ್ಷಕ್ಕೂ ಮೇಲೆ, ಆಗಲೂ ಆ ಮಾತು ನಿಂತಿರಲಿಲ್ಲ. ಅಂದಮೇಲೆ ಪಂಢರಿಬಾಯಿಯವರು ಎಷ್ಟು ಕೇಳಿರಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಮುಂದಿನದ್ದನ್ನು ದಯವಿಟ್ಟು ನಿಧಾನವಾಗಿ ಓದಿ. 1952ರಲ್ಲಿ ತಮಿಳಿನ ‘ಪರಾಶಕ್ತಿ’ ಬಂತು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ. ನಾಯಕಿ ಪಂಢರಿಬಾಯಿ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ಅವರು ನಾಯಕರಾದ ಮೊದಲ ಚಿತ್ರ. ನಾಯಕಿ ಪಂಢರಿಬಾಯಿ. ಎರಡು ಭಾಷೆಗಳ ಇಬ್ಬರು ಮೇರುನಟರು ಕ್ಯಾಮೆರಾದ ಎದುರು ನಾಯಕರಾಗಿ ಮೊದಲು ನಿಂತಾಗ ಎದುರಿಗೆ ನಿಂತಿದ್ದವರು ನಮ್ಮ ಭಟ್ಕಳದವರು. ಆ ಇಬ್ಬರೂ ಆಗ ಹೊಸಬರು, ಇವರಿಗೆ ಅಷ್ಟರಲ್ಲಿ ಸುಮಾರು ಹತ್ತು ವರ್ಷದ ಅನುಭವ. ನಾಟಕದವರಿಗೆ ಇದರ ಬೆಲೆ ಗೊತ್ತು. ಹೊಸಬನ ಎದುರು ಪಳಗಿದವರನ್ನೇ ನಿಲ್ಲಿಸುತ್ತಾರೆ, ತಾಳ ತಪ್ಪಿದರೆ ಎತ್ತಿಕೊಳ್ಳಲಿ ಅಂತ.

‘ಪರಾಶಕ್ತಿ’ಯ ಸಂಭಾಷಣೆ ಕರುಣಾನಿಧಿಯವರದು. ಶಿವಾಜಿಯವರ ಮಾತು ಮಳೆಗಾಲದ ಹೊಳೆಯಂತೆ ನುಗ್ಗಿ ಬರುತ್ತದೆ. ಅಂಥ ಮಾತಿನ ಎದುರು ಸುಮ್ಮನೆ ನಿಂತು ಕೇಳುವುದು ಅಭಿನಯದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಕೇಳುವವರ ಮುಖದಲ್ಲಿ ಏನಾದರೂ ಆಗದಿದ್ದರೆ ಹೇಳುವವನ ಮಾತು ಬರೀ ಭಾಷಣವಾಗುತ್ತದೆ. ಅದೇ 1954ರಲ್ಲಿ ‘ಅಂದ ನಾಳ್’ ಎಂಬ ಇನ್ನೊಂದು ತಮಿಳು ಚಿತ್ರ ಬಂತು. ಒಂದೂ ಹಾಡಿಲ್ಲದ ಚಿತ್ರ, ಆ ದಿನಗಳಲ್ಲಿ ಅದೇ ದೊಡ್ಡ ಸಾಹಸ. ಯುದ್ಧಕಾಲದ ಮದರಾಸಿನಲ್ಲಿ ಗಂಡ ಜಪಾನಿನವರಿಗೆ ದೇಶದ ಗುಟ್ಟು ಮಾರುತ್ತಿದ್ದಾನೆ ಎಂದು ತಿಳಿಯುವ ಹೆಂಡತಿಯ ಪಾತ್ರ ಪಂಢರಿಬಾಯಿಯವರದು. ಗಂಡನನ್ನು ಕೊಂದದ್ದು ಯಾರು ಎಂಬುದೇ ಕಥೆ, ಆ ಗುಂಡಿನ ಹಿಂದೆ ಇದ್ದವಳು ಅವಳೇ. ಅಳುವ ಅಮ್ಮ ಎಂದು ನಾವು ನೆನಪಿಟ್ಟುಕೊಂಡವರು ಇಂಥ ಪಾತ್ರವನ್ನೂ ಹೊತ್ತು ನಡೆದಿದ್ದಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

ಆಮೇಲೆ ಅಮ್ಮನ ಪಾತ್ರಗಳು. ಅತ್ತಿಗೆ, ಅಕ್ಕ, ಅತ್ತೆ, ಅಮ್ಮ. 1959ರ ಹಿಂದಿ ಚಿತ್ರ ‘ಪೈಗಾಮ್’ನಲ್ಲೂ ಅವರು ಇದ್ದಾರೆ, ಎಂ.ಜಿ.ಆರ್. ಚಿತ್ರಗಳಲ್ಲೂ ಇದ್ದಾರೆ. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ತಾಯಿ. ಆ ಕಥೆಯೇ ತಮಿಳಿಗೆ ಹೋಗಿ 1992ರಲ್ಲಿ ‘ಮನ್ನನ್’ ಆದಾಗ ರಜನಿಕಾಂತ್ ಅವರ ತಾಯಿ. ಲೆಕ್ಕ ಹಾಕಿ ನೋಡಿ. ‘ಬೇಡರ ಕಣ್ಣಪ್ಪ’ದಿಂದ ‘ಅನುರಾಗ ಅರಳಿತು’ವಿಗೆ 32 ವರ್ಷ. ರಾಜ್‌ಕುಮಾರ್ ಅವರೂ ಪಂಢರಿಬಾಯಿಯವರೂ ಹೆಚ್ಚುಕಡಿಮೆ ಒಂದೇ ಓರಗೆಯವರು. ಮೊದಲ ಚಿತ್ರದಲ್ಲಿ ಗಂಡ ಹೆಂಡತಿ, ಈ ಚಿತ್ರದಲ್ಲಿ ತಾಯಿ ಮಗ. ಅಣ್ಣಾವ್ರ ಮೇಲೆ ನನಗಿರುವ ಭಕ್ತಿ ಯಾರಿಗಿಂತಲೂ ಕಡಿಮೆಯಿಲ್ಲ. ಆದರೆ ಗಂಡಸಿಗೆ ವಯಸ್ಸಾಗದ, ಹೆಂಗಸಿಗೆ ಮಾತ್ರ ಬೇಗ ವಯಸ್ಸಾಗುವ ಈ ರೂಢಿ ಸಿನಿಮಾದಲ್ಲಿ ಹುಟ್ಟಿದ್ದಲ್ಲ. ನಮ್ಮ ಗದ್ದೆಬಯಲಿನ ನಾಟಕದಲ್ಲೂ ಅದೇ ಇದೆ, ನಮ್ಮ ಮನೆಯೊಳಗೇ ನೋಡಿದ್ದೇನೆ.

ಆಯಿ ಮೊದಲ ಸಲ ಅಮ್ಮನ ಪಾತ್ರ ಮಾಡಿದಾಗ ಅವಳಿಗೆ ಇಪ್ಪತ್ನಾಲ್ಕು. ಮಗನಾದವರಿಗೆ ಮೂವತ್ತು ದಾಟಿತ್ತು, ಅದೇ ಊರಿನ ದಿನಸಿ ಅಂಗಡಿಯವರು. ನಾಯಕಿಯಾಗಬೇಕೆಂದು ಹೋದವಳನ್ನು ನಾಟಕದ ಮಾಸ್ತರರು ಮೇಲಿಂದ ಕೆಳಗೆ ನೋಡಿ “ನಿನ್ನ ದನಿ ದಪ್ಪ, ತಾಯಿ ಪಾರ್ಟು ಮಾಡು” ಅಂದರಂತೆ. ತಲೆಗೆ ಬಿಳಿ ಪುಡಿ ಹಾಕಿ, ಕಣ್ಣಿನ ಕೆಳಗೆ ಕಪ್ಪು ಗೆರೆ ಎಳೆದರು. ಆ ಗೆರೆ ಆಮೇಲೆ ಅಳಿಸಲೇ ಇಲ್ಲ ಎಂದು ಆಯಿ ಹೇಳುತ್ತಾಳೆ. ಒಮ್ಮೆ ತಾಯಿ ಪಾರ್ಟಿಗೆ ನಿಂತವಳನ್ನು ಮತ್ತೆ ಯಾರೂ ನಾಯಕಿ ಮಾಡಲು ಕರೆಯಲಿಲ್ಲ. ನಾಯಕಿಗೆ ಕೊಡುವುದರಲ್ಲಿ ಅರ್ಧ ದುಡ್ಡು, ಬಸ್‌ಚಾರ್ಜು ಬೇರೆ. ಕೆಲವು ಕಡೆ ಬಸ್‌ಚಾರ್ಜು ಮಾತ್ರ ಕೊಟ್ಟು, ಉಳಿದದ್ದು ಜಾತ್ರೆಯ ಲೆಕ್ಕ ಆದಮೇಲೆ ಅಂದದ್ದೂ ಇದೆ. ಆ ಊರುಗಳ ಹೆಸರು ನಾನು ಬರೆಯುವುದಿಲ್ಲ. ಆಯಿಯೂ ಇಂದಿನವರೆಗೆ ಬಾಯಿ ಬಿಟ್ಟಿಲ್ಲ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಕಂಡ ಒಂದು ರಾತ್ರಿಯನ್ನು ಹೇಳಬೇಕು. ಹೊನ್ನಾವರದ ಹತ್ತಿರದ ಒಂದು ಊರು. ಭತ್ತ ಕೊಯ್ದ ಗದ್ದೆಯಲ್ಲಿ ರಂಗ ಕಟ್ಟಿದ್ದರು, ಬಾಡಿಗೆಗೆ ತಂದ ಪರದೆಗಳು. ಅರಮನೆಯ ಪರದೆಯನ್ನೇ ಸಾಹುಕಾರರ ಮನೆಗೂ ಬಿಡುತ್ತಿದ್ದರು. ನಾನು ರಂಗದ ಪಕ್ಕದಲ್ಲಿ, ಹಾರ್ಮೋನಿಯಂ ಮಾಸ್ತರರ ಕಾಲಬುಡದಲ್ಲಿ ಕೂತಿದ್ದೆ. ನಾಟಕ ಶುರುವಾದದ್ದೇ ಹತ್ತೂವರೆಗೆ, ಈ ದೃಶ್ಯ ಬರುವಾಗ ರಾತ್ರಿ ಎರಡು ದಾಟಿತ್ತು. ಆಯಿ ಹಾಸಿಗೆ ಹಿಡಿದ ತಾಯಿ. ಮಗ ಪಟ್ಟಣದಿಂದ ಬಂದು, ಕೆಲಸ ಹೋಯಿತು ಎಂಬುದನ್ನು ಮುಚ್ಚಿಟ್ಟು ಮಾತಾಡಬೇಕು. ಆ ಹುಡುಗ ಬಂದ. ಮಂಚದ ಪಕ್ಕ ಮಂಡಿಯೂರಿದ. “ಅಮ್ಮಾ” ಅಂದ. ಅಷ್ಟೇ. ಮುಂದಿನದು ಮರೆತೇ ಹೋಯಿತು. ಪ್ರಾಂಪ್ಟರ್ ಪರದೆಯ ಹಿಂದೆ ಎರಡು ಸಲ ಹೇಳಿದರು, ಧ್ವನಿವರ್ಧಕದ ಗುಂಯ್‌ಗುಟ್ಟುವಿಕೆಯಲ್ಲಿ ಅವನಿಗೆ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು.

ಆಯಿ ಕೆಮ್ಮಿದಳು. ಪಾರ್ಟಿನಲ್ಲಿ ಇಲ್ಲದ ಕೆಮ್ಮು. ನಿಧಾನಕ್ಕೆ ಏಳುವವಳಂತೆ ಮಾಡಿ, ಮಗನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಅಂಗೈ ತಿರುಗಿಸಿ ನೋಡುತ್ತ ಅಂದಳು: “ಎಷ್ಟು ಒರಟಾಗದೆಯೋ ಕೈ. ಕಚೇರಿ ಕೆಲಸದವ್ರ ಕೈ ಹೀಗಿರ್ತದೆಯೇನೋ ಮಗಾ?” ಹುಡುಗನಿಗೆ ದಾರಿ ಸಿಕ್ಕಿತು. ಕಚೇರಿ ಎಂಬ ಒಂದು ಶಬ್ದ ಸಾಕಾಯಿತು, ಅವನ ಮುಂದಿನ ಮಾತು ಅಲ್ಲಿಂದಲೇ ಶುರುವಾಗಬೇಕಿತ್ತು. ಅವನು ಹೇಳಿದ, ಅಳುತ್ತ ಹೇಳಿದ. ಸಿಳ್ಳೆ ಹಾಕಿದವರೂ ಸುಮ್ಮನಾದರು. ನಾಟಕ ಮುಗಿದ ಮೇಲೆ ಅವನ ಕೊರಳಿಗೆ ಹತ್ತರ ನೋಟಿನ ಹಾರ ಬಿತ್ತು. ಆ ದೃಶ್ಯ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಅವನಿಗೆ ಹೇಳಿದರು. ಬೆಳಗಿನ ಬಸ್ಸಿಗೆ ಕಾಯುತ್ತ ಕೂತಾಗ ನಾನು ಆಯಿಗೆ ಕೇಳಿದೆ, ನಿಂಗ್ಯಾಕೆ ಹಾರ ಹಾಕ್ಲಿಲ್ಲ ಅಂತ. ಅವಳು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಳು. “ತಾಯಿಗೆ ಯಾರು ಹಾಕ್ತಾರೆ” ಅಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಹೇಳಬೇಕೆಂದರೆ ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ.

ಪೋಷಕ ಪಾತ್ರ ಎಂಬ ಶಬ್ದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಪೋಷಿಸುವುದು ಎಂದರೆ ಉಣಿಸಿ ಬೆಳೆಸುವುದು. ಆ ರಾತ್ರಿ ಆಯಿ ಮಾಡಿದ್ದು ಅದನ್ನೇ. ಇನ್ನೊಬ್ಬನ ಬಾಯಿಗೆ ಮಾತು ಇಟ್ಟಳು. ಯಕ್ಷಗಾನದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಎದುರು ವೇಷ ಸರಿಯಿಲ್ಲದಿದ್ದರೆ ಎಂಥ ದೊಡ್ಡ ವೇಷವೂ ಕಳೆಗಟ್ಟುವುದಿಲ್ಲ ಎಂದು ಬಣ್ಣ ಹಚ್ಚುವ ಚೌಕಿಯಲ್ಲಿ ಕೂತ ಯಾರನ್ನು ಕೇಳಿದರೂ ಹೇಳುತ್ತಾರೆ. ಸೈರಂಧ್ರಿ ಹೆದರದಿದ್ದರೆ ಕೀಚಕ ಯಾರನ್ನು ನೋಡಿ ಕುಣಿಯಬೇಕು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಹೊನ್ನಾವರಕ್ಕೆ ಹೊನ್ನಾವರವೇ ಹಿಗ್ಗಿತ್ತು, ನಾನೂ ಹಿಗ್ಗಿದ್ದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಶಂಭು ಹೆಗಡೆ, ಮಹಾಬಲ ಹೆಗಡೆಯವರ ಜೊತೆಗೆ ಸ್ತ್ರೀವೇಷದ ಗಜಾನನ ಹೆಗಡೆಯವರ ಹೆಸರನ್ನೂ ನಮ್ಮ ಹಿರಿಯರು ಅಷ್ಟೇ ಅಕ್ಕರೆಯಿಂದ ಹೇಳುತ್ತಿದ್ದರು. ಎದುರು ವೇಷದವರ ಹೆಸರನ್ನು ನೆನಪಿಡುವ ಈ ಗುಣ ನಮ್ಮ ಯಕ್ಷಗಾನದ ಪ್ರೇಕ್ಷಕರಲ್ಲಿ ಇದೆ. ಅದು ನಾಟಕಕ್ಕೂ ಸಿನಿಮಾಕ್ಕೂ ಏಕೆ ದಾಟಲಿಲ್ಲವೋ.

ಸಿನಿಮಾದ ಮಂದಿಗೂ ಇದು ತಡವಾಗಿಯೇ ಹೊಳೆದದ್ದು. ರಾಷ್ಟ್ರಪ್ರಶಸ್ತಿಗಳು ಶುರುವಾದದ್ದು 1954ರಲ್ಲಿ, ಪೋಷಕ ನಟ ನಟಿಯರಿಗೆ ಅಂತ ಪ್ರತ್ಯೇಕ ಪ್ರಶಸ್ತಿ ಇಟ್ಟದ್ದು 1984ರ ಚಿತ್ರಗಳಿಂದ. ನಡುವಿನ ಮೂವತ್ತು ವರ್ಷ ಪಂಢರಿಬಾಯಿಯಂಥವರು ಬೆನ್ನೆಲುಬು ಸವೆಸಿದ್ದರು. ನಮ್ಮ ರಾಜ್ಯದಲ್ಲಿ ಪೋಷಕ ನಟನ ಪ್ರಶಸ್ತಿಗೆ ಕೆ.ಎಸ್. ಅಶ್ವತ್ಥ್ ಅವರ ಹೆಸರಿಟ್ಟಿದ್ದಾರೆ, ಅದು ತುಂಬ ಒಳ್ಳೆಯ ಕೆಲಸ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ತೆಗೆದುಬಿಟ್ಟರೆ ರಾಮಾಚಾರಿ ಉಳಿಯುತ್ತಾನೆಯೇ? ‘ಭೂತಯ್ಯನ ಮಗ ಅಯ್ಯು’ ಚಿತ್ರದ ಉಪ್ಪಿನಕಾಯಿಯ ಆ ದೃಶ್ಯ ಒಂದೇ ಸಾಕು, ಲೋಕನಾಥ್ ಅವರನ್ನು ನಾಡು ಐವತ್ತು ವರ್ಷ ನೆನೆಯುವುದಕ್ಕೆ. ಪಂಢರಿಬಾಯಿಯವರಿಗೂ ಮಾನಸನ್ಮಾನ ಬರಲಿಲ್ಲ ಅಂತಲ್ಲ. ರಾಜ್ಯ ಸರಕಾರ ಡಾ. ರಾಜ್‌ಕುಮಾರ್ ಹೆಸರಿನ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ತಮಿಳುನಾಡು ಅವರನ್ನು ತನ್ನವರೆಂದೇ ನೋಡಿಕೊಂಡಿತು. 2003ರ ಜನವರಿ 29ರಂದು ಚೆನ್ನೈಯಲ್ಲೇ ತೀರಿಕೊಂಡರು. ನಾನು ಕೇಳುವುದು ಅವರ ಹುಟ್ಟೂರಿನ, ನಮ್ಮ ಜಿಲ್ಲೆಯ ಬಗ್ಗೆ.

ಹೋದ ಫೆಬ್ರವರಿಯಲ್ಲಿ ಒಂದು ಮದುವೆಗೆಂದು ಭಟ್ಕಳಕ್ಕೆ ಹೋಗಿದ್ದೆ. ಮಲ್ಲಿಗೆ ಕೊಳ್ಳುವಾಗ ಹೂವಿನವರ ಹತ್ತಿರ, ಚಾ ಅಂಗಡಿಯಲ್ಲಿ ಕೂತ ಹಿರಿಯರ ಹತ್ತಿರ, ಕಾಲೇಜಿನ ಮೂವರು ಹುಡುಗಿಯರ ಹತ್ತಿರ ಕೇಳಿದೆ. ಹಿರಿಯರಿಗೆ ಪಂಢರಿಬಾಯಿ ಗೊತ್ತು. “ರಾಜ್‌ಕುಮಾರ್ ಅಮ್ಮ ಅಲ್ವಾ” ಅಂದರು. ಅವರು ಇದೇ ಊರಿನವರು ಅಂದಾಗ ಒಬ್ಬರಂತೂ ಚಾ ಲೋಟ ಕೆಳಗಿಟ್ಟು “ಖರೆ ಹೇಳ್ತ್ರ್ಯಾ?” ಎಂದು ಕೇಳಿದರು. ಹುಡುಗಿಯರಿಗೆ ಹೆಸರೇ ಗೊತ್ತಿರಲಿಲ್ಲ. ಆದರೆ ಅವರಲ್ಲೊಬ್ಬಳು ತಕ್ಷಣ ಮೊಬೈಲಿನಲ್ಲಿ ಹುಡುಕಿ, ‘ಬೇಡರ ಕಣ್ಣಪ್ಪ’ದ ಚಿತ್ರ ತೆಗೆದು, “ನೋಡೇ, ಎಷ್ಟ್ ಚಂದ ಇದ್ರು” ಎಂದು ಗೆಳತಿಯರಿಗೆ ತೋರಿಸಿದಳು. ಮೂವರೂ ತಲೆ ಸೇರಿಸಿ ನೋಡಿದರು. ಪಂಢರಿಬಾಯಿಯವರ ತಂಗಿ ಮೈನಾವತಿಯವರೂ ನಟಿ, 1959ರ ‘ಅಬ್ಬಾ ಆ ಹುಡುಗಿ’ ಚಿತ್ರದ ಆ ಹುಡುಗಿ ಅವರೇ ಎಂದಾಗ ಇನ್ನಷ್ಟು ಹುಡುಕಿದರು. ನನಗೆ ಬಸ್ಸು ತಪ್ಪಿತು. ಆ ಹುಡುಗಿಯರ ಕಣ್ಣಿನ ಬೆಳಕಿಗೆ ಇನ್ನೂ ಎರಡು ಬಸ್ಸು ತಪ್ಪಿದ್ದರೂ ನಷ್ಟವಿರಲಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ನಮ್ಮ ಜಿಲ್ಲೆಗೆ ನೆನಪಿಟ್ಟುಕೊಳ್ಳಲು ಬರುವುದಿಲ್ಲ ಅಂತಲ್ಲ. ನಿಮ್ಮ ಕಚೇರಿಯಿಂದ ಕೂಗಳತೆಯ ದೂರದಲ್ಲಿ ಟ್ಯಾಗೋರ್ ಕಡಲತೀರ ಇದೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದ ರವೀಂದ್ರರು, ಇಪ್ಪತ್ತೆರಡರ ಹರೆಯದಲ್ಲಿ, ಈ ಕಡಲ ದಂಡೆಯಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಕೆಲವು ತಿಂಗಳು ಇದ್ದು ನಾಟಕ ಬರೆದು ಹೋದ ಕವಿಯನ್ನು ನೂರು ವರ್ಷ ಕಳೆದರೂ ನಾವು ಮರೆಯಲಿಲ್ಲ. ಬಹಳ ಸಂತೋಷ. ಹೊನ್ನಾವರದ ನಂಟಿರುವ ಶಂಕರನಾಗ್ ಅವರ ಚಿತ್ರ ಇಲ್ಲದ ಆಟೋ ಸ್ಟ್ಯಾಂಡ್ ಈ ರಾಜ್ಯದಲ್ಲಿ ಸಿಗುವುದು ಕಷ್ಟ. ಅದೂ ಸಂತೋಷವೇ. ಹಾಗೆಯೇ ಇಲ್ಲಿ ಹುಟ್ಟಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಭಿನಯಿಸಿದ ಹೆಣ್ಣುಮಗಳನ್ನೂ ನೆನೆಯೋಣ. ಶಿರಸಿ ತಾಲೂಕಿನ ನೀರ್ನಳ್ಳಿಯ ರಾಮಕೃಷ್ಣ ಅವರನ್ನೂ ನೆನೆಯೋಣ. ‘ಬಭ್ರುವಾಹನ’ದಲ್ಲಿ ಕೃಷ್ಣನಾಗಿ ನಿಂತವರು, ಪುಟ್ಟಣ್ಣನವರ ‘ರಂಗನಾಯಕಿ’, ‘ಮಾನಸ ಸರೋವರ’ಗಳಲ್ಲಿ ಇದ್ದವರು, ಆಮೇಲೆ ದಶಕಗಟ್ಟಲೆ ಕಾಲ ಅಣ್ಣ, ತಮ್ಮ, ಗೆಳೆಯ, ತಂದೆಯಾಗಿ ಕನ್ನಡ ಚಿತ್ರಗಳನ್ನು ತುಂಬಿಕೊಟ್ಟವರು. ಅವರನ್ನು ಈಗಲೇ ಕರೆದು ಮಾತಾಡಿಸಬಹುದು, ನಮ್ಮ ಮಕ್ಕಳ ಎದುರು ಕೂರಿಸಬಹುದು.

ನಾನು ಕೇಳುವುದು ದೊಡ್ಡ ದುಡ್ಡಿನ ಕೆಲಸವಲ್ಲ. ಪುತ್ಥಳಿ ಬೇಡ. ವರ್ಷಕ್ಕೊಮ್ಮೆ, ಜನವರಿ 29ರ ಆಸುಪಾಸಿನಲ್ಲಿ, ಭಟ್ಕಳದಲ್ಲಿ ಎರಡು ದಿನ. ಒಂದು ದಿನ ಪಂಢರಿಬಾಯಿಯವರ ಒಂದೆರಡು ಚಿತ್ರ ತೋರಿಸಿ, ‘ಅಂದ ನಾಳ್’ ಅನ್ನು ಕನ್ನಡದ ಅಡಿಬರಹ ಹಾಕಿಸಿ ತೋರಿಸಿ. ಇನ್ನೊಂದು ದಿನ ಈ ಜಿಲ್ಲೆಯ ನಾಟಕದ ಪೋಷಕ ಕಲಾವಿದರು ಆಡಲಿ. ನಾಯಕ ನಾಯಕಿಯರು ಆ ದಿನ ಮುಂದಿನ ಸಾಲಿನಲ್ಲಿ ಕೂತು ನೋಡಲಿ. ಭಟ್ಕಳದ ಒಂದು ರಸ್ತೆಗೋ ಸಭಾಭವನಕ್ಕೋ ಅವರ ಹೆಸರು ಇಡುವುದು ಊರಿನವರು ಕೂತು ತೀರ್ಮಾನಿಸುವ ಮಾತು, ನಾನು ಹೊರಗಿನವಳು. ಆದರೆ ಭಟ್ಕಳದ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ಎದೆ ಹಾರುವ ಕಾಲದಲ್ಲಿ, ಎಲ್ಲ ಕೇರಿಯವರೂ ನಮ್ಮವರು ಎನ್ನಬಹುದಾದ ಒಬ್ಬ ಅಮ್ಮನ ಹೆಸರು ಆ ಊರಿಗೆ ಒಳ್ಳೆಯದೇ ಮಾಡುತ್ತದೆ ಎಂದು ನನ್ನ ನಂಬಿಕೆ.

ಇನ್ನು ಸಮಿತಿಗಳವರೇ, ನಿಮ್ಮ ಹತ್ತಿರ ಕೇಳುವುದು ಇನ್ನೂ ಸಣ್ಣದು. ಹ್ಯಾಂಡ್‌ಬಿಲ್‌ನಲ್ಲಿ ಎಲ್ಲರ ಹೆಸರು ಹಾಕಿ. ‘ಮತ್ತಿತರರು’ ಬೇಡ, ‘ನುರಿತ ಕಲಾವಿದೆಯರು’ ಬೇಡ. ಹೆಸರು, ಊರು, ಪಾತ್ರ. ದೂತನ ಪಾತ್ರದವನದೂ ಹಾಕಿ. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ, ಎರಡು ಸಾಲು ಹೆಚ್ಚಾದರೆ ಅಚ್ಚಿನವರು ಹೆಚ್ಚು ದುಡ್ಡು ಕೇಳುವುದಿಲ್ಲ. ಕಾಗುಣಿತ ಒಮ್ಮೆ ಕಲಾವಿದರಿಗೇ ಓದಿ ತೋರಿಸಿ. ಸರಕಾರದ ದುಡ್ಡು ಪಡೆದು ನಡೆಯುವ ಉತ್ಸವಗಳಿಗೆ ಇದನ್ನು ನಿಯಮವನ್ನೇ ಮಾಡಬಹುದು, ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ. ಶಿರಸಿ ಮಾರಿಕಾಂಬೆಯ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ನಾಟಕದ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಆ ಬೋರ್ಡುಗಳ ಮೇಲೂ ಇದು ಬರಲಿ. ನೀವು ಅಚ್ಚು ಹಾಕಿದ ಆ ತೆಳು ಕಾಗದ ಒಬ್ಬ ಕಲಾವಿದೆಯ ಮುಪ್ಪಿನಲ್ಲಿ ಅನ್ನದ ಚೀಟಿಯಾಗಬಹುದು. ನಮ್ಮ ಟ್ರಂಕಿನ ಅರವತ್ತಮೂರು ಕಾಗದದಲ್ಲಿ ಆಯಿಯ ಹೆಸರಿದ್ದಿದ್ದರೆ ಆ ದಿನ ಅವಳು ಅವನ್ನು ಮಡಚಿ ಒಳಗಿಡುತ್ತಿರಲಿಲ್ಲ.

ಸನ್ಮಾನದ ಭಾಷಣಗಳ ಬಗ್ಗೂ ಒಂದು ಮಾತು. ಇಂಥವರನ್ನು ಕರೆದು ಶಾಲು ಹೊದೆಸಿ ‘ಎಲೆಮರೆಯ ಕಾಯಿ’ ಎಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಆಯಿಗೂ ಒಂದು ಸಲ ಹಾಗೆ ಅಂದರು. ನಾನು ಕೆಳ ಕೂತು ಕೇಳುತ್ತಿದ್ದೆ. ಅವಳು ಎಲೆಯ ಮರೆಯಲ್ಲಿ ಇರಲೇ ಇಲ್ಲ. ಮೂವತ್ತು ವರ್ಷ ಎರಡೆರಡು ಸಾವಿರ ಜನರ ಎದುರು, ಬೆಳಕಿನಲ್ಲೇ, ರಂಗದ ನಟ್ಟನಡುವೆ ಇದ್ದಳು. ಎಲೆ ಅಡ್ಡ ಇಟ್ಟವರು ನಾವು. ಆ ಮಾತನ್ನು ಇನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಕೊನೆಯದು, ಎಲ್ಲಕ್ಕಿಂತ ಅವಸರದ್ದು. ಈ ಜಿಲ್ಲೆಯ ನಾಟಕಗಳಲ್ಲಿ ಸ್ತ್ರೀಪಾತ್ರ ಮಾಡಿದ, ಹಾಸ್ಯ ಮಾಡಿದ, ಮುದುಕನ, ಆಳಿನ, ಪೊಲೀಸಿನ ಪಾತ್ರ ಮಾಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ದನಿ ಮುದ್ರಿಸಿ. ಒಂದು ಒಳ್ಳೆಯ ಮೊಬೈಲ್ ಸಾಕು, ಕಾಲೇಜಿನ ಹುಡುಗರು ಸಾಕು, ಭಟ್ಕಳದ ಆ ಮೂವರು ಹುಡುಗಿಯರಂಥವರು ಇದ್ದರೆ ಬೇರೆ ಯಾರೂ ಬೇಡ. ಯಾವ ಊರು, ಯಾವ ವರ್ಷ, ಯಾವ ಪಾತ್ರ, ಎದುರಿಗೆ ಯಾರಿದ್ದರು, ದುಡ್ಡು ಎಷ್ಟು ಕೊಟ್ಟರು, ರಾತ್ರಿ ಎಲ್ಲಿ ಮಲಗಿದರು, ಎಲ್ಲವನ್ನೂ ಕೇಳಿ ಬರೆದಿಡಿ. ಮದುವೆಯಾದ ಮೇಲೆ ಬಣ್ಣ ಬಿಟ್ಟವರಲ್ಲಿ ಕೆಲವರು ಹಿಂದಿನದನ್ನು ಹೇಳಲು ಇಂದಿಗೂ ಅಂಜುತ್ತಾರೆ. ಅಂಥವರ ಮನೆಗೆ ಹೆಣ್ಣುಮಕ್ಕಳನ್ನೇ ಕಳಿಸಿ, ಅವರು ಒಪ್ಪಿದಷ್ಟನ್ನೇ ಬರೆದುಕೊಳ್ಳಿ. ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು ಕೊಡಿ.

ಶುರು ಎಲ್ಲಿಂದ ಎಂದು ಕೇಳಿದರೆ, ನಮ್ಮ ಮನೆಯಿಂದಲೇ ಆಗಲಿ. ಈ ಪತ್ರವನ್ನು ಆಯಿಗೆ ಓದಿ ಹೇಳಿದೆ. ಪಂಢರಿಬಾಯಿಯವರ ಸಾಲಿನಲ್ಲಿ ತನ್ನನ್ನು ಕೂರಿಸಿದ್ದು ಅವಳಿಗೆ ಹಿಡಿಸಲಿಲ್ಲ, “ಅವ್ರೆಲ್ಲಿ, ನಾನೆಲ್ಲಿ” ಎಂದು ಎರಡು ಸಲ ಅಂದಳು. ಕಚೇರಿ ಎಂಬ ಶಬ್ದ ಎತ್ತಿಕೊಟ್ಟದ್ದು ಮಾತ್ರ ಅವಳಿಗೆ ನೆನಪೇ ಇಲ್ಲ. ಅಂಥದ್ದು ಪ್ರತಿ ನಾಟಕದಲ್ಲೂ ಮಾಡುವುದೇ, ಅದರಲ್ಲಿ ಹೇಳುವುದಕ್ಕೆ ಎಂತದು ಎಂದು ಕೇಳಿದಳು. ಆ ನಾಟಕದಲ್ಲಿ ತಂಗಿಯ ಪಾತ್ರ ಮಾಡಿದವಳು ಯಾರು, ಅವಳ ಊರು ಯಾವುದು, ಅವಳು ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂಬುದನ್ನು ತಡವರಿಸದೆ ಹೇಳಿದಳು.

ಹದಿನಾಲ್ಕು ಪಾರ್ಟು ಪುಸ್ತಕಗಳೂ ಅರವತ್ತಮೂರು ಹ್ಯಾಂಡ್‌ಬಿಲ್‌ಗಳೂ ಟ್ರಂಕಿನಲ್ಲೇ ಇವೆ. ಯಾರು ಬಂದರೂ ತೆಗೆದು ತೋರಿಸುತ್ತೇವೆ, ಫೋಟೊ ತೆಗೆದುಕೊಳ್ಳಬಹುದು. ಬರುವುದಾದರೆ ಮಳೆ ಹಿಡಿಯುವುದರೊಳಗೆ ಬನ್ನಿ. ನಮ್ಮದು ಹಂಚಿನ ಮನೆ, ಟ್ರಂಕು ಇರುವ ಮೂಲೆಯಲ್ಲಿ ಆಷಾಢದಲ್ಲಿ ಸೋರುತ್ತದೆ.

ಇಂತಿ,
ಕುಮಟಾ ತಾಲೂಕಿನ ಒಬ್ಬ ಕನ್ನಡ ಶಿಕ್ಷಕಿ